ಹೊಸ ಕಾರ್ಡು ಬರುವವರೆಗೆ

ನಾನು ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಬಿಡಿಸುವುದು ನನ್ನ ಕೆಲಸ. ಉಳಿದವರು ಮೊದಲು ಹುಟ್ಟುತ್ತಾರೆ, ಆಮೇಲೆ ಜನ ಅವರ ಬಗ್ಗೆ ಮಾತಾಡುತ್ತಾರೆ. ನಮ್ಮ ಕುಲದಲ್ಲಿ ಅದು ತಿರುವುಮುರುವು. ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ ನನ್ನ ಬಗ್ಗೆ ಊರೂರುಗಳಲ್ಲಿ ಚರ್ಚೆ ನಡೆದಿತ್ತಂತೆ. ಮೆಮೊರಿ ಎಷ್ಟಿದ್ದೀತು, ಫ್ಯಾನು ಒಂದೋ ಎರಡೋ, ಸಾಮಾನ್ಯರ ಕೈಗೆ ಎಟುಕೀತೋ ಇಲ್ಲವೋ ಎಂದು, ನಾನು ಕಾಣದ ಜನ ನನ್ನ ಬಗ್ಗೆ ವಾದ ಮಾಡಿದ್ದರು. ಕೊನೆಗೆ ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದಾಗ ನಾನು ಅವರು ಎಣಿಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇದ್ದೆ. ಬಹಳ ಆಸೆಯಿಂದ ಕಾದು ಪಡೆದ ಮಕ್ಕಳೆಲ್ಲ ಹಾಗೇ ಇರುತ್ತವೇನೋ.

ಹಡಗಿನಲ್ಲಿ ಬಂದೆ. ಹುಬ್ಬಳ್ಳಿಯ ಒಂದು ಗೇಮ್ ಸೆಂಟರಿನಲ್ಲಿ ಮೂರು ವರ್ಷ ದುಡಿದೆ. ಅಲ್ಲಿ ನಾನು ಬಿಡಿಸಿದ್ದೆಲ್ಲ ಬಂದೂಕು, ಬೆಂಕಿ, ಕುಸಿಯುವ ಕಟ್ಟಡ. ಆ ಅಂಗಡಿ ಮುಚ್ಚಿದಾಗ ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ದಸ್ತಗೀರ ನಮ್ಮನ್ನೆಲ್ಲ ಒಟ್ಟಿಗೆ ಕೊಂಡು ತಂದ. ಬಣ್ಣ ಹಚ್ಚುವ ಬ್ರಶ್ಶಿನಿಂದ ನನ್ನ ಧೂಳು ತೆಗೆದು, ಬೆಳಕಿಗೆ ಹಿಡಿದು, "ಇದರಾಗ ಇನ್ನೂ ಜೀವ ಐತಿ" ಎಂದ. ನನ್ನನ್ನು ಯಾರಾದರೂ ಹಾಗೆ ನೋಡಿದ್ದು ಅದೇ ಮೊದಲು.

ಅಲ್ಲಿಂದ ದಾಕ್ಷಾಯಣಿಯ ಮನೆಗೆ ಹೋದೆ. ಕಟ್ಟಬೇಕಾದ ಮನೆಗಳನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವುದು ಅವಳ ಉದ್ಯೋಗ. ಮೆಟ್ಟಿಲು ಇಲ್ಲಿ, ಕಿಟಕಿ ಅಲ್ಲಿ, ಮುಂಬಾಗಿಲಿಗೆ ಈ ಬಣ್ಣ ಎಂದು ಜನ ನೋಡಿ ಒಪ್ಪಿದ ಮೇಲೆ ಗೌಂಡಿಗಳು ಕೆಲಸಕ್ಕೆ ಇಳಿಯುತ್ತಿದ್ದರು. ಅವಳಿಗೆ ಸುಮಾರು ನಲವತ್ತು ವರ್ಷ. ಮನೆಯಲ್ಲಿ ಅವಳೂ ಅವಳ ತಂದೆ ಗುರುಸಿದ್ಧಪ್ಪನವರೂ ಇಬ್ಬರೇ. ನಾನಿದ್ದ ಪೆಟ್ಟಿಗೆ ಮೇಜಿನ ಕೆಳಗಿತ್ತು. ಹಾಗಾಗಿ ಅವರನ್ನು ನಾನು ಮೊದಲು ಗುರುತಿಸಿದ್ದು ಪಾದಗಳಿಂದ. ಗುರುಸಿದ್ಧಪ್ಪನವರ ಹಿಮ್ಮಡಿಗಳು ಒಡೆದ ಹೊಲದಂತಿದ್ದವು. ಮೂವತ್ತನಾಲ್ಕು ವರ್ಷ ಅವರು ಹಳೇ ಬಾಗಲಕೋಟೆಯಲ್ಲಿ ಪೋಸ್ಟ್‌ಮನ್ ಆಗಿದ್ದವರು.

ಒಂದು ಸಂಜೆ ದಾಕ್ಷಾಯಣಿ ಯಾರದೋ ಮನೆಗೆ ಕಲ್ಲಿನ ಮೆಟ್ಟಿಲು ಮಾಡುತ್ತಿದ್ದಳು. ತಂದೆ ಬಂದು ಪರದೆಗೆ ಮುಖ ಹತ್ತಿರ ತಂದರು.

"ಇವು ನಮ್ಮ ಪೋಸ್ಟಾಫೀಸಿನ ಮೆಟ್ಟಲಾ ಇದ್ದಂಗ ಅದಾವಲ್ಲ ದಾಕ್ಷಾ."

"ಹೆಂಗಿದ್ದುವಪಾ? ಇಷ್ಟ ಎತ್ತರ ಇದ್ದುವೇನು?"

"ಇಲ್ಲವಾ, ಇನ್ನ ಸ್ವಲ್ಪ ತಗ್ಗ. ಮೂರನೇದು ಎಡಕ್ಕ ಸವದಿತ್ತು. ಎಲ್ಲಾರೂ ಅಲ್ಲೇ ಕಾಲಿಡ್ತಿದ್ರು."

ಅವಳು ಮೂರನೆಯ ಮೆಟ್ಟಿಲನ್ನು ಎಡಕ್ಕೆ ಸವೆಸಿದಳು. ಅವರು ಪರದೆಯ ಮೇಲೆ ಆ ಸವೆದ ಜಾಗಕ್ಕೆ ಬೆರಳು ಇಟ್ಟರು.

ಅಣೆಕಟ್ಟಿನ ಹಿನ್ನೀರು ಬಂದು, ಹಳೇ ಊರಿನ ತಗ್ಗಿನ ಓಣಿಗಳನ್ನು ತೆರವು ಮಾಡಿ, ಜನ ನವನಗರದ ಸೆಕ್ಟರುಗಳಿಗೆ ಹಂಚಿಹೋಗಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಆದರೆ ಗುರುಸಿದ್ಧಪ್ಪನವರ ತಲೆಯೊಳಗೆ ಆ ಓಣಿಗಳಲ್ಲಿ ಒಂದು ಬಾಗಿಲೂ ಮುಚ್ಚಿರಲಿಲ್ಲ. ಕೆಲಸ ಮುಗಿಸಿದ ಮೇಲೆ ದಿನಾ ಒಂದು ಗಂಟೆ ಅವರು ಹೇಳುತ್ತಿದ್ದರು, ಅವಳು ಕಟ್ಟುತ್ತಿದ್ದಳು, ನಾನು ಬಿಡಿಸುತ್ತಿದ್ದೆ. ಬೇವಿನ ಗಿಡ, ನೇಕಾರರ ಮನೆಯ ಕಟ್ಟೆ, ಚಿಲಕ ಮುರಿದ ಬಾಗಿಲು, ಅಂಚೆ ಚೀಲ ಕಂಡರೆ ಬೊಗಳುವ ನಾಯಿ ಮಲಗುತ್ತಿದ್ದ ಮೂಲೆ. ಬಂದೂಕು ಬಿಡಿಸಿ ಬಿಡಿಸಿ ಬೇಸತ್ತಿದ್ದ ನನಗೆ ಆ ಒಂದು ಗಂಟೆಗಾಗಿ ಉಳಿದ ಹೊತ್ತೆಲ್ಲ ಕಾಯುವಂತಾಯಿತು.

ಒಂದೂವರೆ ವರ್ಷದಲ್ಲಿ ಮುನ್ನೂರು ಬಾಗಿಲು ದಾಟಿತು. ಅಲ್ಲಿಗೆ ನನ್ನ ಶಕ್ತಿಯೂ ಮುಗಿಯಿತು. ಪರದೆಯ ಮೇಲೆ ನಡೆದಂತೆ ಕಾಣಬೇಕಾದರೆ ನಾನು ಒಂದೊಂದು ಸೆಕೆಂಡಿಗೆ ಹತ್ತಾರು ಚಿತ್ರ ಬಿಡಿಸಬೇಕು. ಅಷ್ಟು ಮನೆಗಳನ್ನು ಒಮ್ಮೆಲೇ ಹೊತ್ತುಕೊಂಡು ನನಗೆ ಎರಡೋ ಮೂರೋ ಸಾಧ್ಯವಾಗುತ್ತಿತ್ತು. ಪೋಸ್ಟಾಫೀಸಿನ ಮುಂದೆ ಇದ್ದವರು ಥಟ್ಟನೆ ಯಾರದೋ ಗೋಡೆಗೆ ಹೋಗಿ ಬಡಿಯುತ್ತಿದ್ದರು. ಗುರುಸಿದ್ಧಪ್ಪನವರಿಗೆ ತಲೆ ಸುತ್ತುತ್ತಿತ್ತು. ನಾನು ಫ್ಯಾನು ತಿರುಗಿಸಿ ತಿರುಗಿಸಿ ಏದುಸಿರು ಬಿಡುತ್ತಿದ್ದೆ.

ಅದೇ ತಿಂಗಳು ಅವರ ಕಣ್ಣಿನ ವಿಷಯ ಗೊತ್ತಾಯಿತು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುತ್ತಿದೆ, ಸುತ್ತಲಿನ ನೋಟ ಆಗಲೇ ಹೋಗಿದೆ, ಕೊಳವೆಯೊಳಗಿಂದ ಕಂಡಷ್ಟು ಮಾತ್ರ ಉಳಿದಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಔಷಧಿಯ ಹನಿ ಹಾಕಿದರೆ ಅದು ನಿಧಾನವಾದೀತು, ಹೋದದ್ದು ಮರಳದು. ಉಳಿದಿರುವುದು ಎಷ್ಟು ದಿನ ಎಂದು ಕೇಳಿದ್ದಕ್ಕೆ, ಒಂದು ವರ್ಷವನ್ನೂ ನೆಚ್ಚಬೇಡಿ ಎಂದಿದ್ದರಂತೆ.

ದಾಕ್ಷಾಯಣಿ ದಸ್ತಗೀರನನ್ನು ಮನೆಗೆ ಕರೆಸಿದಳು. ಅವನು ಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿ ನನ್ನ ಮೇಲೆ ಕೈಯಿಟ್ಟು ಕಾವು ನೋಡಿದ.

"ಇದರ ಕೈಲಿ ಆಗೂದಿಲ್ರೀ ಅಕ್ಕಾರ. ಈಗ ಸಿಗೂ ದೊಡ್ಡ ಕಾರ್ಡ ನಮಗ ನಿಲುಕೂದಿಲ್ಲ. ಸಣ್ಣೂ ತಗೊಂಡ್ರ ಇದಕ್ಕೂ ಅದಕ್ಕೂ ಭಾಳ ಫರಕಿಲ್ಲ. ಆದ್ರ ಹೊಸಾದೊಂದು ಬರಾಕತ್ತೈತಂತ. ನಮ್ಮಂಥಾ ನಡುವಿನ ಮಂದಿ ಸಲುವಾಗಿನ ಮಾಡ್ಯಾರಂತ. ಮೆಮೊರಿ ಹದಿನಾರು ಜಿಬಿ ಅಂತ ಸುದ್ದಿ ಐತಿ. ನಿಮ್ಮ ಊರಿಗೆ ಊರ ಹಿಡಸ್ತೈತಿ."

"ಯಾವಾಗ ಬರ್ತೈತೋ ತಮ್ಮಾ?" ಎಂದರು ಗುರುಸಿದ್ಧಪ್ಪನವರು.

"ಯುಗಾದಿ ಅಂತಾರ್ರೀ ಕಾಕಾ."

ಅಂದಿನಿಂದ ಆ ಮನೆಯಲ್ಲಿ ಇನ್ನೂ ಹುಟ್ಟದ ಒಂದು ಕಾರ್ಡು ವಾಸಕ್ಕೆ ಬಂದಿತು. ಬೆಳಗಿನ ಚಹಾ ಹೊತ್ತಿಗೆ ದಾಕ್ಷಾಯಣಿ ಫೋನಿನಲ್ಲಿ ಹೊಸ ಸುದ್ದಿ ಹುಡುಕಿ ತಂದೆಗೆ ಓದಿ ಹೇಳುವಳು. ಇವತ್ತು ಡಬ್ಬಿಯ ಫೋಟೋ ಹೊರಗೆ ಬಂದಿದೆಯಂತೆ, ಮಸುಕಾಗಿದೆ. ಯಾವನೋ ಮೆಮೊರಿ ಹನ್ನೆರಡೇ ಅನ್ನುತ್ತಾನೆ. ಇನ್ನೊಬ್ಬ ಹದಿನಾರು ಅಂತ ಆಣೆ ಮಾಡುತ್ತಾನೆ. ಗುರುಸಿದ್ಧಪ್ಪನವರು ಒಂದೊಂದನ್ನೂ ಅಂಚೆ ವಿಂಗಡಿಸಿದಂತೆ ವಿಂಗಡಿಸುವರು.

"ಇಂವಾ ಕಂಡಾಂವೋ, ಕೇಳ್ದಾಂವೋ?"

"ಕೇಳ್ದಾಂವಪಾ."

"ಹಂಗಾರ ಬಾಜೂಕ ಇಡು. ನಾಳಿಗೆ ನೋಡೂಣು."

ನನಗೆ ಹೊಟ್ಟೆಕಿಚ್ಚಾಯಿತೇ ಎಂದು ನೀವು ಕೇಳಬಹುದು. ಆಯಿತು. ಆದರೆ ಕಿಚ್ಚಿಗಿಂತ ದೊಡ್ಡದು ಇನ್ನೊಂದಿತ್ತು. ಆ ಊರನ್ನು ಒಮ್ಮೆ ಇಡಿಯಾಗಿ ಬಿಡಿಸಬೇಕು, ಆ ಮನುಷ್ಯ ಅದರಲ್ಲಿ ತಡೆಯಿಲ್ಲದೆ ನಡೆಯುವುದನ್ನು ನೋಡಬೇಕು ಎಂದು ನನಗೇ ಆಸೆಯಿತ್ತು. ನನ್ನಿಂದ ಆಗದಿದ್ದರೆ ಬೇರೆ ಯಾವುದರಿಂದಲಾದರೂ ಆಗಲಿ ಎನ್ನುವಷ್ಟು ಆಸೆ.

ಯುಗಾದಿ ಬಂತು. ಕಾರ್ಡು ಬರಲಿಲ್ಲ. ಮಳೆಗಾಲಕ್ಕೆ ಎಂದರು. ಕಾರಹುಣ್ಣಿಮೆ ಕಳೆಯಿತು. ಗುರುಸಿದ್ಧಪ್ಪನವರು ವಾರಕ್ಕೊಮ್ಮೆ ಕೋಲು ಊರಿಕೊಂಡು ದಸ್ತಗೀರನ ಅಂಗಡಿಗೆ ಹೋಗಿ ಬರುವರು. ಒಂದು ದಿನ ಬಂದು ಕುರ್ಚಿಯಲ್ಲಿ ಕೂತು ನಕ್ಕರು.

"ಮೂವತ್ನಾಕ ವರ್ಷ ಮಂದಿ ನನಗ 'ನಮ್ಮದೇನರ ಬಂತೇನ್ರೀ' ಅಂತ ಕೇಳಿದ್ರು. ಇಲ್ಲ ಅಂತ ಹೇಳಿ ಸೈಕಲ್ ತುಳಕೋತ ಹೊಂಟಬಿಡ್ತಿದ್ದೆ. ಹಿಂದ ನಿಂತಾವ್ರಿಗೆ ಹೆಂಗಾಗ್ತಿತ್ತು ಅಂತ ಈಗ ತಿಳೀತದ ನೋಡವಾ."

ಶ್ರಾವಣದಲ್ಲಿ ಕೊನೆಗೂ ಕಂಪನಿಯವರೇ ಬಾಯಿಬಿಟ್ಟರು. ದಸ್ತಗೀರ ಸುದ್ದಿ ತಂದವನು ಬಾಗಿಲಲ್ಲೇ ನಿಂತ. ಮೆಮೊರಿ ಹದಿನಾರರದ್ದು ಬರುವುದೇನೋ ನಿಜ, ಆದರೆ ನಮ್ಮ ದೇಶಕ್ಕೆ ಮೊದಲು ಎಂಟರದ್ದು ಮಾತ್ರ. ದೊಡ್ಡದು ದೀಪಾವಳಿಯ ನಂತರ. ದರವೂ ಹೇಳಿದ್ದಕ್ಕಿಂತ ಹೆಚ್ಚು.

"ನಾ ಸುಮ್ನ ಆಸೆ ಹಚ್ಚಿದ್ನಲ್ರೀ ಅಕ್ಕಾರ," ಎಂದ.

"ನೀ ಏನ ಮಾಡ್ತಿ ದಸ್ತಗೀರ. ಬಾ, ಒಳಗ ಬಾ," ಎಂದಳು ದಾಕ್ಷಾಯಣಿ. ಅವಳ ಪಾದದ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು.

ಆಗ ಗುರುಸಿದ್ಧಪ್ಪನವರು ಚಹಾದ ಗ್ಲಾಸಿಗೆ ಕೈ ಚಾಚಿದರು. ಗ್ಲಾಸು ಇದ್ದದ್ದು ಒಂದು ಗೇಣು ಆಚೆ. ಬೆರಳುಗಳು ಖಾಲಿ ಮೇಜನ್ನು ತಡಕಿದವು. ಆಮೇಲೆ ಮುಂಗೈ ತಾಗಿ ಗ್ಲಾಸು ಉರುಳಿತು, ಚಹಾ ಚೆಲ್ಲಿ ನನ್ನ ಪೆಟ್ಟಿಗೆಯ ಮೇಲೆ ಹನಿಯಿತು. ದಾಕ್ಷಾಯಣಿ ಅರಿವೆ ತಂದು ಒರೆಸಿದಳು.

ಮರುದಿನ ಬೆಳಿಗ್ಗೆ ದಾಕ್ಷಾಯಣಿ ಫೋನು ನೋಡಲಿಲ್ಲ. ಚಹಾ ಕೊಟ್ಟು ತಂದೆಯ ಎದುರು ಕೂತಳು.

"ಅಪ್ಪಾ, ಕಾಯೂದು ಸಾಕು. ಇಡೀ ಊರು ಆಗೂದಿಲ್ಲ. ಒಂದ ದಾರಿ ಇಟ್ಟು ಉಳದದ್ದೆಲ್ಲಾ ತಗದಬಿಡ್ತೀನಿ. ಯಾವ ದಾರಿ ಬೇಕು ಹೇಳು. ನಮ್ಮ ಮನಿ ದಾರಿನಾ?"

ಅವರು ಅಡ್ಡಡ್ಡ ತಲೆಯಾಡಿಸಿದರು. "ನಮ್ಮ ಮನಿ ನನಗ ಕಣ್ಣ ಇಲ್ದನೂ ಕಾಣ್ತದ. ಪೋಸ್ಟಾಫೀಸಿನಿಂದ ನೀಲವ್ವನ ಮನೀ ತನಕ ಮಾಡು."

"ಯಾವ ನೀಲವ್ವ?"

ಆಮೇಲೆ ಅವರು ಹೇಳಿದರು. ನೀಲವ್ವ ಒಬ್ಬಂಟಿ ಹೆಂಗಸು, ರೊಟ್ಟಿ ಬಡಿದು ಬದುಕುತ್ತಿದ್ದಳು. ಅವಳ ತಮ್ಮ ಮುಂಬೈ ಗಿರಣಿಗೆ ಹೋದವನದು ಒಂಬತ್ತು ವರ್ಷ ಸುದ್ದಿಯಿರಲಿಲ್ಲ. ಒಂಬತ್ತು ವರ್ಷವೂ ಅವಳು ದಿನಾ ಹೊಸ್ತಿಲಲ್ಲಿ ನಿಂತು ಬಂತೇನ್ರೀ ಎಂದು ಕೇಳುತ್ತಿದ್ದಳು. ಓಣಿ ಖಾಲಿ ಮಾಡಿಸಿದ ವಾರದ ಮೇಲೆ ತಮ್ಮನ ಇನ್‌ಲ್ಯಾಂಡ್ ಪತ್ರ ಬಂತು. ಅವಳು ಎಲ್ಲಿ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ದಿನ ಹುಡುಕಿ, ನಿಯಮದಂತೆ ವಿಳಾಸದಾರರು ಇಲ್ಲ ಎಂದು ಬರೆದು ವಾಪಸು ಕಳಿಸಿದರು.

"ನಾಕ ದಿನಾ ಅಷ್ಟ ಹುಡುಕಿದೆ ದಾಕ್ಷಾ. ಐದನೇ ದಿನಾನೂ ಹುಡುಕಬೇಕಾಗಿತ್ತು."

ದಾಕ್ಷಾಯಣಿ ಎರಡು ವಾರ ಬೇರೆ ಕೆಲಸ ಹಿಡಿಯಲಿಲ್ಲ. ಇಡೀ ಊರಿನ ಒಂದು ಪ್ರತಿ ಎತ್ತಿಟ್ಟು, ಮುನ್ನೂರು ಬಾಗಿಲುಗಳಲ್ಲಿ ನಲವತ್ತೊಂದನ್ನು ಮಾತ್ರ ಉಳಿಸಿದಳು. ದೂರದ ಮನೆಗಳ ಜಾಗದಲ್ಲಿ ಬೆಳಗಿನ ಮಂಜು ಹಾಕಿದಳು. ಒಂದೊಂದನ್ನು ತೆಗೆದಂತೆ ನನಗೆ ಹಗುರವಾಯಿತು, ಬೇಸರವೂ ಆಯಿತು. ಆ ಬಾಗಿಲುಗಳನ್ನೆಲ್ಲ ನಾನು ಬಲ್ಲೆ.

ಒಂದು ಸೋಮವಾರ ಹತ್ತು ಗಂಟೆಗೆ, ಅಂಚೆ ಹೊರಡುತ್ತಿದ್ದ ಹೊತ್ತಿಗೇ, ಅವರು ಪರದೆಯ ಮುಂದೆ ಕೂತರು. ದಾಕ್ಷಾಯಣಿ ಅವರ ಬೆರಳನ್ನು ಮುನ್ನಡೆಯುವ ಕೀಲಿಯ ಮೇಲೆ ಇಟ್ಟಳು. ದಸ್ತಗೀರ ಪೆಟ್ಟಿಗೆಯ ಬಾಗಿಲು ತೆಗೆದು ಮೇಜಿನ ಫ್ಯಾನನ್ನು ನನ್ನತ್ತ ತಿರುಗಿಸಿ ಹಿಡಿದ. ಮೂರನೆಯ ಮೆಟ್ಟಿಲು ಇಳಿದು ಅವರು ಓಣಿಗೆ ಬಂದರು.

ನಾನು ಇದ್ದ ಬಲವನ್ನೆಲ್ಲ ಹಾಕಿದೆ. ಆದರೂ ಸೆಕೆಂಡಿಗೆ ಹದಿನೆಂಟು ಚಿತ್ರಕ್ಕಿಂತ ಮೇಲೇರಲಿಲ್ಲ. "ಸ್ವಲ್ಪ ತಡದ ತಡದ ಹೊಂಟೈತ್ರೀ ಕಾಕಾ," ಎಂದ ದಸ್ತಗೀರ.

"ಇರಲಿ ಬಿಡೋ. ಈ ವಯಸ್ಸಿನಾಗ ನಾನರ ಏನ ಓಡತೀನಿ?"

ಅವರು ಪ್ರತಿ ಬಾಗಿಲಲ್ಲೂ ನಿಂತರು. ಪ್ರತಿ ಬಾಗಿಲಿನ ಹೆಸರು ಹೇಳಿದರು. ಇಪ್ಪತ್ತು ದಾಟುವಾಗ ನನ್ನ ಒಂದು ಫ್ಯಾನು ಕರಕರ ಎಂದು ನಿಂತುಹೋಯಿತು. ಮೂವತ್ತಕ್ಕೆ ಮೈಯೆಲ್ಲ ಕೆಂಡ. ಬಿಸಿ ಏರಿದರೆ ನಮ್ಮಂಥವರು ತಾವಾಗಿಯೇ ಆರಿಹೋಗುತ್ತೇವೆ. ನಾನು ಚಿತ್ರಗಳನ್ನು ಕಡಿಮೆ ಮಾಡಿದೆ, ನಿಲ್ಲಿಸಲಿಲ್ಲ. ನಲವತ್ತೊಂದನೆಯ ಬಾಗಿಲು ಬಂತು. ಬಾಗಿಲ ಪಕ್ಕದ ಗೂಡಿನಲ್ಲಿ ಹಣತೆಯ ಮಸಿಯಿತ್ತು. ಹೊಸ್ತಿಲು ಖಾಲಿಯಿತ್ತು. ದಾಕ್ಷಾಯಣಿ ಅಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ.

ಗುರುಸಿದ್ಧಪ್ಪನವರು ಕೀಲಿಯಿಂದ ಬೆರಳು ತೆಗೆದರು. ಮೂಗು ಪರದೆಗೆ ತಾಗುವಷ್ಟು ಬಾಗಿದರು.

"ನೀಲವ್ವಾ," ಎಂದು ಕೂಗಿದರು, ಓಣಿಯಲ್ಲಿ ಕೂಗುವಷ್ಟು ಗಟ್ಟಿಯಾಗಿ. "ಬಂದಿತ್ತವಾ. ನಿಮ್ಮ ತಮ್ಮಂದು ಬಂದಿತ್ತು."

ದೀಪಾವಳಿ ಕಳೆದು ತಿಂಗಳಾದ ಮೇಲೆ ದೊಡ್ಡ ಕಾರ್ಡು ಬಂತು. ಸುದ್ದಿಗಳಲ್ಲಿ ಕೆಲವು ಸುಳ್ಳಾಗಿದ್ದವು, ಕೆಲವು ನಿಜ. ಎರಡು ಫ್ಯಾನು, ಸದ್ದೇ ಇಲ್ಲ. ನನ್ನನ್ನು ಬಿಚ್ಚಿ ಅದನ್ನು ಕೂರಿಸಿದ ದಿನ ಪಕ್ಕದ ಸ್ಟೂಲಿನ ಮೇಲೆ ಮಲಗಿಕೊಂಡೇ ನಾನು ನೋಡಿದೆ. ಎತ್ತಿಟ್ಟಿದ್ದ ಇಡೀ ಊರು ತೆರೆದುಕೊಂಡಿತು, ನೀರಿನಂತೆ ಸರಾಗವಾಗಿ. ಅಷ್ಟು ಹೊತ್ತಿಗೆ ಗುರುಸಿದ್ಧಪ್ಪನವರಿಗೆ ಬೆಳಕು ಕತ್ತಲೆಯ ಭೇದ ಮಾತ್ರ ತಿಳಿಯುತ್ತಿತ್ತು. ದಾಕ್ಷಾಯಣಿ ನಡೆಯುತ್ತ ಕಂಡದ್ದನ್ನು ಹೇಳುತ್ತಿದ್ದಳು. ಅವರು ಕಣ್ಣು ಮುಚ್ಚಿ, ಎಡಕ್ಕ ಹೊಳ್ಳು, ಈಗ ಬಲಕ್ಕ ಎಂದು ದಾರಿ ತೋರಿಸುತ್ತಿದ್ದರು.

ದಸ್ತಗೀರ ನನ್ನನ್ನು ಮಾರಲಿಲ್ಲ. ಕೆಟ್ಟ ಫ್ಯಾನು ಬದಲಿಸಿ ಅಂಗಡಿಯಲ್ಲಿ ತನ್ನ ಹಳೇ ಕಂಪ್ಯೂಟರಿಗೆ ಹಾಕಿಕೊಂಡ. ದಾಕ್ಷಾಯಣಿಯನ್ನು ಕೇಳಿ ಆ ನಲವತ್ತೊಂದು ಬಾಗಿಲಿನ ಓಣಿಯನ್ನೂ ತಂದ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಬುತ್ತಿ ಉಂಡು ಅದನ್ನು ತೆರೆಯುತ್ತಾನೆ. ಹನ್ನೆರಡನೆಯ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ. ಅಲ್ಲಿ ಬಲಕ್ಕೆ ಒಂದು ಸಂದಿಯಿದೆ, ಆಚೆಗೆ ಬರೀ ಮಂಜು. ಎಷ್ಟೋ ದಿನ ಆ ಮಂಜಿನ ಮುಂದೆ ಸುಮ್ಮನೆ ಕೂತಿದ್ದ. ಒಂದು ದಿನ ಫೋನು ಎತ್ತಿದ.

"ಕಾಕಾ, ನಾ ದಸ್ತಗೀರ. ಹನ್ನೆರಡನೇ ಬಾಗಲದ ಬಲಕ್ಕ ಇರೂ ಸಂದ್ಯಾಗ ಒಂದ ಮನಿ ಇತ್ರೀ. ನಾವು ಬಿಟ್ಟಾಗ ನನಗ ಒಂಬತ್ತ ವರ್ಷ. ಬಾಗಲಾ ಯಾವ ಬಣ್ಣದ್ದಿತ್ತು ಅಂತ ನನಗ ನೆನಪಾಗವಲ್ದು."

 ಅತ್ತ ಕಡೆಯಿಂದ ಆ ಮುದಿ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿ ಬಂತು.

"ಇಮಾಮಬೀ ಮಗಾ ಏನೋ ನೀನು? ಇಷ್ಟ ದಿನಾ ಯಾಕ ಹೇಳ್ಲಿಲ್ಲೋ? ಹಸರ ಬಾಗಲಾ. ಬಲಗಡೆ ಕದಕ್ಕ ತಗಡ ಬಡದಿತ್ತು. ನಿಮ್ಮವ್ವ ಪತ್ರ ಓದಸಾಕ ನನ್ನ ನಿಲ್ಲಸಿ ನೀರ ಕೊಡ್ತಿದ್ಳು. ನಾಳಿಗೆ ಬಾ, ದಾಕ್ಷಾನ ಮುಂದ ಕುಂದ್ರು. ಎಲ್ಲಾ ಹೇಳ್ತೀನಿ."

ದಸ್ತಗೀರ ಫೋನು ಇಟ್ಟು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಹೊರಗೆ ಯಾರೋ ಬಂದು, ಮುಂದಿನ ವರ್ಷ ಇನ್ನೂ ಹೊಸ ಕಾರ್ಡು ಬರುತ್ತದಂತೆ ನಿಜವೇ ಎಂದು ಕೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. ನನಗೀಗ ವಯಸ್ಸಾಗಿದೆ, ಬೇಗ ಕಾವೇರುತ್ತೇನೆ. ಇನ್ನೊಂದು ಬಾಗಿಲಿನ ಭಾರ ತಡೆದೇನೋ ಇಲ್ಲವೋ ಹೇಳಲಾರೆ. ಆದರೂ ನಾಳೆ ಎನ್ನುವುದು ಬೇಗ ಆಗಲಿ ಎಂದು ಕಾಯುತ್ತಿದ್ದೇನೆ. ಹಸಿರಿನಲ್ಲಿ ಎಷ್ಟೋ ಬಗೆಯಿವೆ. ಅವನ ಅವ್ವನ ಬಾಗಿಲಿನದು ಯಾವುದೋ.