ಬರೆದವನಿಗೆ ಕೊಟ್ಟ ಕಂಬಳಿ

ಇಂಗ್ಲಿಷರ ಬಸ್ರಾ ಯುದ್ಧಕ್ಕೆ ಹೇಸರಗತ್ತೆ ಹೊಡೆಯಲು ಹೋದ ಯರ್ರಪ್ಪ ಅಲ್ಲೇ ಜ್ವರ ಬಂದು ಸತ್ತ. ಅವನ ಪಿಂಚಣಿ ತಾಯಿ ಕೊಲ್ಲಾಪುರಮ್ಮನಿಗೆ ಬರಬೇಕಿತ್ತು. ಬಂದರೆ ಮುದುಕಿಗೆ ಎರಡು ಹೊತ್ತಿನ ಮುದ್ದೆ, ಇಲ್ಲದಿದ್ದರೆ ಸಾಯುವ ತನಕ ಕಂಡವರ ಉಣ್ಣೆ ನೂಲುವುದು.

ಇಂಥ ಅರ್ಜಿ ಬರೆಯುವವರು ಸಿಪಾಯಿಗಳ ಮನೆಯವರನ್ನು ಸುಲಿದು ತಿನ್ನುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತ ಜಯದೇವಪ್ಪನಿಗೂ ಅದರಲ್ಲಿ ಪಾಲಿತ್ತು. ಕೊನೆಗೆ ಸರ್ಕಾರ ಕಣ್ಣು ಬಿಟ್ಟಿತು. ಬರೆದವನು ಏನಾದರೂ ತೆಗೆದುಕೊಂಡರೆ ಅವನಿಗೆ ದಂಡ, ಅರ್ಜಿಯೂ ರದ್ದು ಎಂದು ಚಳ್ಳಕೆರೆ ಸಂತೆಯಲ್ಲಿ ಡಂಗುರ ಸಾರಿಸಿತು. ಸುಲಿಸಿಕೊಂಡವರಿಗೂ ಶಿಕ್ಷೆ, ಎಂಥ ನ್ಯಾಯ! ತಳಕಿನಾಚೆಯ ಕೊಲ್ಲಾಪುರಮ್ಮನ ಹಟ್ಟಿಗೆ ಆ ಡಂಗುರ ಕೇಳಿಸಲೂ ಇಲ್ಲ.

ಅರ್ಜಿ ಬರೆದವನು ದಾದಾಪೀರ್, ಯರ್ರಪ್ಪನ ಜೊತೆ ಬಸ್ರಾದಲ್ಲಿದ್ದು ಬದುಕಿ ಬಂದವನು. ಬರೆದು ಮುಗಿಸುತ್ತಿದ್ದಂತೆ ಮುದುಕಿ ಕೆಂಪಂಚಿನ ಕರಿ ಕಂಬಳಿಯೊಂದನ್ನು ಅವನ ಮುಂದಿಟ್ಟಳು. ಯುದ್ಧಕ್ಕೆ ಹೋಗುವ ಮುಂಚೆ ಮಗ ನೇಯ್ದ ಕೊನೆಯ ಕಂಬಳಿ ಅದು.

"ಬ್ಯಾಡವ್ವಾ, ತಗಂಬಾರ್ದು ಅಂತ ಹುಕುಂ ಐತೆ."

"ಹುಕುಂ ಕಚೇರೀಲಿರ್ಲಿ. ಬರೇ ಕೈಲಿ ಬಂದು ಬರೆಸ್ಕಂಡು ಹೋಗಾಕೆ ನಾನೇನು ತಿರ್ಕಂಡು ತಿನ್ನೋಳಾ?" ಎಂದು ಕಂಬಳಿಯನ್ನು ಅವನ ಹೆಗಲಿಗೆ ಹಾಕಿ ನಡೆದೇಬಿಟ್ಟಳು.

ಅರ್ಜಿಯ ವಿಚಾರಣೆಯ ದಿನ ಜಯದೇವಪ್ಪ ಕಚೇರಿಯ ಸಾಹೇಬರ ಕಿವಿಯಲ್ಲಿ ಏನೋ ಉಸುರಿದ. ಪಾಲು ತಪ್ಪಿದ ಹೊಟ್ಟೆಯುರಿ ಅವನಿಗೆ.

"ಬರೆದವನಿಗೆ ಏನಾದರೂ ಕೊಟ್ಟೆಯಾ?" ಸಾಹೇಬರು ಕೇಳಿದರು.

ತನ್ನ ಮರ್ಯಾದೆಯನ್ನೇ ಕೇಳುತ್ತಿದ್ದಾರೆ ಎಂದುಕೊಂಡಳು ಕೊಲ್ಲಾಪುರಮ್ಮ. "ಕೊಡ್ದೆ ಬಿಟ್ಟೇನಾ ಸ್ವಾಮಿ? ನನ್ ಮಗ ನೇಯ್ದ ಕಂಬ್ಳೀನೇ ಕೊಟ್ಟೀನಿ!"

ಬಾಗಿಲಲ್ಲಿ ನಿಂತಿದ್ದ ದಾದಾಪೀರ್ ತಲೆ ಮೇಲೆ ಕೈ ಹೊತ್ತ. ಅವನಿಗೆ ದಂಡ ಬಿತ್ತು, ಅರ್ಜಿ ರದ್ದಾಯಿತು, ಕಂಬಳಿ ಸಾಕ್ಷಿಯೆಂದು ಕಚೇರಿ ಸೇರಿತು. "ಈ ಕಾಯಿದೆ ಮಾಡಿರುವುದು ನಿಮ್ಮಂಥವರ ರಕ್ಷಣೆಗೇ ಅಮ್ಮ. ಹೊಸ ಅರ್ಜಿ ಹಾಕು, ಗುಮಾಸ್ತರು ಪುಕ್ಕಟೆ ಬರೆದುಕೊಡುತ್ತಾರೆ," ಎಂದು ಸಾಹೇಬರು ಸಮಾಧಾನ ಹೇಳಿದರು. ಅವರೇನೋ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಸುಡಲಿ.

ಬಾಯಿಬಿಟ್ಟು ತಾನೇ ಮಗನ ಅನ್ನ ಕಳೆದುಕೊಂಡೆನೆಂದು ಮುದುಕಿ ತನ್ನನ್ನೇ ಬೈದುಕೊಂಡಳು. ಆದರೂ ಮಾಗಿಯ ಚಳಿಯಲ್ಲಿ ನಡುಗುತ್ತಾ ಮತ್ತೆ ಕಚೇರಿಗೆ ಬಂದಳು. ಜಯದೇವಪ್ಪ ಬೆಚ್ಚಗೆ ಹೊದ್ದು ಕೂತಿದ್ದ. ಕಂಬಳಿಯ ಕೆಂಪಂಚು ಕಂಡದ್ದೇ ಅವಳು ಅವನ ಹತ್ತಿರ ಹೋದಳು.

"ಸ್ವಾಮಿ, ಅದು ನನ್ ಮಗಂದು."

"ಈಗ ಸರ್ಕಾರದ್ದು," ಎಂದು ಅವನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡು ಅವಳ ಕೈ ಕಡೆ ನೋಡಿದ. "ಅರ್ಜಿ ಬರೆಸಾಕೆ ಬಂದೀಯಾ? ಬರೇ ಕೈಲಿ?"