ಪದ್ದಕ್ಕನ ಬಾಳೆಕಾಯಿ ಪಲ್ಯ

ತೆಕ್ಕಟ್ಟೆಯ ಪದ್ದಕ್ಕ ನಡೆಯುವಾಗ ಎಡತೋಳನ್ನು ಬೀಸುತ್ತಿರಲಿಲ್ಲ; ಸೆರಗಿನ ಮರೆಯ ಸ್ಟೀಲಿನ ಡಬ್ಬಿಯನ್ನು ಆ ತೋಳು ಎಳೆಗೂಸಿನಂತೆ ಪಕ್ಕೆಗೆ ಅವಚಿಕೊಂಡಿರುತ್ತಿತ್ತು. ಮೀನು ಮಾರಿ ಗಟ್ಟಿಯಾದ ದೇಹ, ಆಚೆ ಕೇರಿಗೂ ಕೇಳುವ ಕಂಠ, ಬೇಡವೆಂದವರ ಬಾಯಿಗೂ ತುತ್ತಿಡುವ ಹಟ.

ವರ್ಷಗಟ್ಟಲೆ ಮಲಬದ್ಧತೆಯಿಂದ ಬಳಲಿದ ಅವರಿಗೆ ಕುಂದಾಪುರದ ಡಾಕ್ಟರ್ ಪ್ರಣೀತಾ, ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಉಣಿಸಬೇಕೆಂದು ಹೇಳಿ ಬಾಳೆಕಾಯಿಯನ್ನು ಸೂಚಿಸಿದ್ದರು. ಗುಣವಾಯಿತು. ಅಂದಿನಿಂದ ಬಾಳೆಕಾಯಿ ಪಲ್ಯವೆಂದರೆ ಪದ್ದಕ್ಕನಿಗೆ ಪ್ರಸಾದ; ಆ ಡಬ್ಬಿಯಲ್ಲಿ ತುಂಬಿ ಮನೆಮನೆಗೆ ಹಂಚುತ್ತಿದ್ದರು. ಅದರ ಮೊದಲ ಪಾಲು ಪಕ್ಕದ ಮನೆಯಲ್ಲಿ ಹೃದಯ ಸೋತು ಹಾಸಿಗೆ ಹಿಡಿದಿದ್ದ, ಮಲಗಿದ್ದಲ್ಲೇ ಮಲ ಕಟ್ಟಿಕೊಂಡಿದ್ದ ತಂಗಿ ಬಾಗಿಗೆ.

ಬಾಗಿಯ ಹೊಟ್ಟೆ ಅದನ್ನು ಒಪ್ಪಲಿಲ್ಲ. ಉಂಡರೆ ಉಬ್ಬರ, ನುಲಿತ. ಒಮ್ಮೆ ಬೇಡವೆಂದು ತಲೆಯಾಡಿಸಿದಳು. ಪದ್ದಕ್ಕ ಮಂಚದ ಅಂಚಿಗೆ ಕುಳಿತು ಹೇಳಿದರು: "ಒಂದ್ ತುತ್ತ್ ತಿನ್ ಕಾಂಬ, ಹೆಣೆ. ಒಂದೇ ಹೊಟ್ಟೆಯಲ್ ಹುಟ್ಟಿದ್ದ್ ನಾವ್. ನಂಗ್ ಆದ್ದ್ ನಿಂಗ್ ಆಗ್ದೆ ಇಪ್ಪುದಾ?"

ಬಾಗಿ ಬಾಯಿ ತೆರೆದಳು. ಮತ್ತೆಂದೂ ಬೇಡವೆನ್ನಲಿಲ್ಲ. ಅಕ್ಕ ಅತ್ತ ಹೋದ ಮೇಲೆ ಗೋಡೆಯ ಕಡೆ ತಿರುಗಿ, ಮಂಡಿಯನ್ನು ಹೊಟ್ಟೆಗೊತ್ತಿ ಮಲಗುತ್ತಿದ್ದಳು.

ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಆಕೆಯ ಹೃದಯ ನಿಂತುಹೋಯಿತು. ಉತ್ತರಕ್ರಿಯೆ ಮುಗಿದ ಮೇಲೆ ಮಗಳು ಚಂದನಾ, ಆಡಲೋ ಬೇಡವೋ ಎಂದು ತಡೆದು ತಡೆದು, ಪಲ್ಯ ತಿಂದು ಅಮ್ಮ ಪಟ್ಟ ಪಾಡನ್ನು ಹೇಳಿಬಿಟ್ಟಳು. "ದೊಡ್ಡಮ್ಮಂಗೆ ಬೇಜಾರಾತ್ತ್, ಹೇಳ್ಬೇಡ ಅಂದಿತ್ ಅಮ್ಮ."

ಪದ್ದಕ್ಕ ಒಬ್ಬರೇ ಬಸ್ಸು ಹತ್ತಿ ಡಾಕ್ಟರರ ಬಳಿ ಹೋದರು. ಸಾವಿಗೆ ಪಲ್ಯ ಕಾರಣವಲ್ಲವೆಂದು ಡಾಕ್ಟರ್ ಮೊದಲಿಗೇ ಸ್ಪಷ್ಟಪಡಿಸಿದರು. ಒಬ್ಬೊಬ್ಬರ ಕರುಳಲ್ಲಿ ಒಂದೊಂದು ಬಗೆಯ ಸೂಕ್ಷ್ಮಜೀವಿಗಳ ಒಕ್ಕಲು. ಉಂಡ ಊಟ, ನುಂಗಿದ ಔಷಧ, ಹಾದುಹೋದ ಕಾಯಿಲೆಗಳಿಗೆ ತಕ್ಕಂತೆ ಅದು ಬೆಳೆಯುತ್ತದೆ, ಬಡವಾಗುತ್ತದೆ. ಒಬ್ಬರಲ್ಲಿ ಹಿತವಾದದ್ದು, ಅದನ್ನು ಅರಗಿಸುವ ಜೀವಿಗಳಿಲ್ಲದ ಇನ್ನೊಬ್ಬರಲ್ಲಿ ಬರಿಯ ವಾಯುವಾದೀತು, ಒಡಹುಟ್ಟಿದವರಲ್ಲೂ ಹಾಗೆಯೇ ಎಂದು ವಿವರಿಸಿದರು. ಪದ್ದಕ್ಕ ಎಲ್ಲವನ್ನೂ ಕೇಳಿಸಿಕೊಂಡರು.

"ಸಾಯುಕೆ ಅದ್ ಕಾರಣ ಅಲ್ಲ, ಸೈ. ಆದ್ರೆ ಬದ್ಕಿಪ್ಪಷ್ಟ್ ದಿನ ನೋವ್ ಕೊಟ್ಟದ್ದ್ ನಾನೇ ಅಲ್ದಾ ಅಮ್ಮ?"



ತಮ್ಮನ್ನು ಉಳಿಸಿದ್ದು ಎಲ್ಲರನ್ನೂ ಉಳಿಸೀತೆಂದು ನಂಬಿ ಮನೆಮನೆಗೆ ಹೊತ್ತೊಯ್ಯುವ ಇಂಥ ಜೀವಗಳಲ್ಲಿ ಕೇಡಿನ ಲೇಶವೂ ಇರುವುದಿಲ್ಲ. ಅವರ ಪ್ರೀತಿ ಅಷ್ಟು ದೊಡ್ಡದು. ಅದರೆದುರು ಬೇಡವೆನ್ನಲು, ಅವರನ್ನು ಅಷ್ಟೇ ಪ್ರೀತಿಸುವವರಿಗೆ ಬಾಯಿ ಬರುವುದಿಲ್ಲ.