ಅಣ್ಣನ ಕೆಮ್ಮು

ಅಣ್ಣ ಸತ್ತ ವಾರ ಮನೆಗೆ ಬಂದುಹೋದವರೆಲ್ಲ ಮಾಡಿದ್ದು ಎರಡೇ ಕೆಲಸ. ಅತ್ತಿಗೆಯ ಕೈಹಿಡಿದು ಅತ್ತರು. ಕಣ್ಣೊರೆಸಿಕೊಂಡು ಎದ್ದು ಹೋಗಿ ಮೀನಿನ ತೊಟ್ಟಿಯ ಗಾಜು ತಟ್ಟಿದರು. ದುಃಖದ ಮನೆಯಲ್ಲೂ ಹೊತ್ತು ಹೋಗಬೇಕಲ್ಲ. ಮಕ್ಕಳು ತೊಟ್ಟಿಯ ದೀಪ ಆರಿಸಿ ಹಾಕಿ ಆಡಿದವು. ಯಾರೋ ಪುಣ್ಯಾತ್ಮರು ಅಯ್ಯೋ ಪಾಪ ಎಂದು ಬಿಸ್ಕತ್ತನ್ನು ಪುಡಿಮಾಡಿ ಸುರಿದರು. ಎಲ್ಲರೂ ಹೋದ ಮೇಲೆ ನೋಡಿದರೆ ಅಣ್ಣ ಸಾಕಿದ್ದ ಏಳು ಡಿಸ್ಕಸ್ ಮೀನುಗಳಲ್ಲಿ ಎರಡು ಮಗ್ಗುಲಾಗಿ ತೇಲುತ್ತಿದ್ದವು. ಉಳಿದ ಐದು, ಅಂಗೈ ಅಗಲದ ದುಂಡು ಮೈಯಲ್ಲಿ ಕಿತ್ತಳೆ, ನೀಲಿ ಗೆರೆ ಹೊಳೆಸಿಕೊಂಡು ಮೆರೆಯುತ್ತಿದ್ದಂಥವು, ಇದ್ದಿಲಿನಂತೆ ಕಪ್ಪಾಗಿ, ರೆಕ್ಕೆ ಮುದುರಿಕೊಂಡು, ಹಿಂದಿನ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಸಾವಿನ ಮನೆಗೆ ಬಂದು ಎಲ್ಲಿ ಕೂರಬೇಕೆಂದು ತಿಳಿಯದ ನೆಂಟರ ಹಾಗೆ.

"ರೇಡಿಯೋ," ಎಂದಳು ಅತ್ತಿಗೆ, "ಇನ್ನೊಂದು ಸಾವನ್ನ ಈ ಮನೇಲಿ ನೋಡೋಕೆ ನನ್ನ ಕೈಲಾಗಲ್ಲ. ಏನಾದ್ರೂ ಮಾಡು."

ರೇಡಿಯೋ ಎಂದರೆ ಸತ್ತವನ ತಮ್ಮ. ಜಾಹೀರಾತುಗಳಿಗೆ ದನಿ ಕೊಡುವುದು ಅವನ ಕಸುಬು. ನೋವಿನ ಮುಲಾಮು, ಟೈರು, ನೆಲ ಒರೆಸುವ ದ್ರಾವಣ, ಎಲ್ಲದರ ಪರವಾಗಿಯೂ ಪ್ರಾಣ ಒತ್ತೆಯಿಟ್ಟು ಮಾತಾಡಿದ್ದ. ದನಿ ಕೊಟ್ಟು ಧಣಿಯಾದವರು ಯಾರೂ ಇಲ್ಲವಾದ್ದರಿಂದ ಎರಡು ಬೀದಿ ಆಚೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಮಾತು ಕಲಿಯುವ ಮೊದಲೇ ಅಣಕ ಕಲಿತವನು. ಮೇಷ್ಟರು, ನೀರಿನ ಪಂಪು, ಗಂಟಲು ಕೆಟ್ಟ ನಾಯಿ, ಯಾರನ್ನೂ ಬಿಟ್ಟವನಲ್ಲ. ಅಣ್ಣನನ್ನು ಮಾತ್ರ ಎಂದೂ ಅಣಕಿಸಿರಲಿಲ್ಲ. ಅಣ್ಣ ತಲೆಯ ಮೇಲೆ ಮೊಟಕುತ್ತಿದ್ದ.

ಅಣ್ಣ ಈ ಮೀನುಗಳನ್ನು ಕೊಂಡಿದ್ದ ಮೀನಂಗಡಿಯವನಿಗೆ ರೇಡಿಯೋ ಫೋನ್ ಮಾಡಿದ. ಆ ಆಸಾಮಿ ಅರ್ಧ ಮಾತನ್ನು ಮೂಗಿನಲ್ಲೇ ಮುಗಿಸುವವನು.

"ಬಿಳೀ ದಾರದ ಥರ ಕಕ್ಕ ಮಾಡ್ತವಾ?"

"ಹೂಂ."

"ಹೊಟ್ಟೇಲಿ ಹುಳ ಸಾರ್. ನೀರು ಬೆಚ್ಚಗಿಡಿ, ದಿನಾ ಅರ್ಧ ತೆಗೆದು ಹೊಸದು ಹಾಕಿ. ಮಾತ್ರೆ ಕಳಿಸ್ತೀನಿ, ಪುಡಿ ಮಾಡಿ, ಅವು ತಿನ್ನೋ ಕೆಂಪು ಹುಳೂಗೆ ಕಲಸಿ ತಿನ್ನಿಸಿ."

"ಮಾತ್ರೇನ ನೀರಿಗೇ ಹಾಕಿಬಿಟ್ರೆ?"

"ನಿಮಗೆ ಹೊಟ್ಟೆ ಕೆಟ್ರೆ ಮಾತ್ರೇನ ಸ್ನಾನದ ಬಕೆಟ್ಟಿಗೆ ಹಾಕ್ಕೋತೀರಾ? ತಿನ್ಬೇಕು ಸಾರ್. ತಿಂದ್ರೆ ಉಳೀತವೆ, ಇಲ್ಲಾಂದ್ರೆ ಇಲ್ಲ."

ಹುಳಕ್ಕೆ ಹುಳದಲ್ಲೇ ಮದ್ದು ಎಂದು ರೇಡಿಯೋ ಅವನ ಮೂಗಿನ ದನಿಯಲ್ಲೇ ಅತ್ತಿಗೆಗೆ ಒಪ್ಪಿಸಿದ. ಅತ್ತಿಗೆ ನಗಲಿಲ್ಲ.

ಮೀನುಗಳೂ ಅವನನ್ನು ಲೆಕ್ಕಕ್ಕಿಡಲಿಲ್ಲ. ಅವನು ಕೋಣೆಗೆ ಕಾಲಿಟ್ಟರೆ ಸಾಕು, ಕಪ್ಪು ಇನ್ನಷ್ಟು ಕಪ್ಪಾಗುತ್ತಿತ್ತು. ಮದ್ದು ಕಲಸಿದ ಹುಳ ಗಾಜಿನ ತಳದಲ್ಲಿ ಕೊಳೆತು, ಅದನ್ನು ಪೈಪಿನಿಂದ ಎಳೆದು ತೆಗೆಯುವುದೇ ಅವನ ಪಾಲಿನ ಕೆಲಸವಾಯಿತು. ಡಿಸ್ಕಸ್ ಎಂದು ಹೆಸರಿದ್ದರೂ ಇವುಗಳ ಜೊತೆ ಏನನ್ನೂ ಡಿಸ್ಕಸ್ ಮಾಡುವ ಹಾಗಿಲ್ಲ ಎಂದು ಅಣ್ಣ ಹೇಳುತ್ತಿದ್ದುದು ನಿಜವೇ ಇತ್ತು.

ಒಂದು ಸಂಜೆ ನೀರು ಬದಲಾಯಿಸುವಾಗ ನೆಲ ತೊಯ್ದು ಜಾರುತ್ತಿತ್ತು. ಬಾಗಿಲ ಹಿಂದಿದ್ದ ಅಣ್ಣನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡ. ಅವನ ಕಾಲಿಗೆ ಅದು ದೊಡ್ಡದು. ಎಡಗಾಲಿನದು ನೆಲಕ್ಕೆ ಉಜ್ಜಿತು. ಚಟ್, ಸರ್ರ್. ಚಟ್, ಸರ್ರ್. ಸ್ಕೂಟರಿನಿಂದ ಬಿದ್ದ ಮೇಲೆ ಅಣ್ಣ ಎಡಗಾಲು ಎಳೆಯುತ್ತಿದ್ದದ್ದು ಹೀಗೆಯೇ.

ಮೂಲೆಯಲ್ಲಿದ್ದ ಒಂದು ಮೀನು ಮುದುರಿದ ಬೆನ್ನಿನ ರೆಕ್ಕೆಯನ್ನು ಛತ್ರಿಯಂತೆ ಬಿಚ್ಚಿತು.

ರೇಡಿಯೋ ನಿಂತ. ಆಮೇಲೆ, ಬೇಕೆಂದೇ, ಇನ್ನೆರಡು ಹೆಜ್ಜೆ ಎಳೆದ. ಅಣ್ಣನಂತೆ ಎರಡು ಸಣ್ಣ ಕೆಮ್ಮು, ಮೂರನೆಯದನ್ನು ಅರ್ಧಕ್ಕೇ ನುಂಗಿದ. ಹೆಬ್ಬೆರಳ ಗೆಣ್ಣಿನಿಂದ ಮುಚ್ಚಳ ಕುಟ್ಟಿದ. ಅಣ್ಣನದು ಕನ್ನಡಕದ ಅಂಗಡಿ. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಾಯಿಸುತ್ತ ಕೇಳುವ ಮಾತನ್ನೇ ಮನೆಗೆ ಬಂದು ಮೀನುಗಳಿಗೂ ಕೇಳುತ್ತಿದ್ದ. ಅದೂ ರೇಡಿಯೋನ ಬಾಯಿಂದ ಬಂತು, ಅಣ್ಣನ ದನಿಯಲ್ಲಿ:

"ಈಗ ಕಾಣ್ತಾ? ಈಗ? ಈಗ?"

ಎರಡು ಮೀನು ಮುಂದೆ ಬಂದು ಅವನು ಹಾಕಿದ ಮದ್ದಿನ ಹುಳ ತಿಂದವು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದು ಉರುಳಿ, ಉರುಳಿ, ನಿಂತಿತು. ಅತ್ತಿಗೆ ಬಾಗಿಲಿಗೆ ಬಂದಳು. ಮುಖ ಗೋಡೆಯ ಸುಣ್ಣದಂತಿತ್ತು.

"ಅತ್ತಿಗೆ, ನಾನು... ಸುಮ್ನೆ..."

"ತಿಂದ್ವಾ?"

"ಎರಡು ತಿಂದ್ವು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಾಗಾದ್ರೆ ನಾಳೇನೂ ಹಾಗೇ ಬಾ."

ಬಂದ. ಅಣ್ಣ ಅಂಗಡಿ ಮುಚ್ಚಿ ಬರುತ್ತಿದ್ದ ಹೊತ್ತಿಗೇ ಬಂದ. ಮೀನು ಬಟ್ಟೆಯನ್ನೂ ಗುರುತಿಸುತ್ತದೆ ಎಂದು ಅಣ್ಣನ ಬೂದು ಸ್ವೆಟರ್ ಹಾಕಿಕೊಂಡ. ಮೂರನೆಯದೂ ತಿಂದಿತು, ನಾಲ್ಕನೆಯದೂ. ಅತ್ತಿಗೆ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಮೇಜಿನ ತುಂಬ ಯಾರು ಯಾರದೋ ಬಾಯಿಗಳು, ಎಲ್ಲವೂ ಹಲ್ಲು ಕಿರಿದುಕೊಂಡು. ಅವಳ ಅರದ ಕಿರ್ ಕಿರ್ ಗೋಡೆಯಾಚೆಗೆ ಕೇಳುತ್ತಿತ್ತು. ಅವನು ಕೆಮ್ಮುವುದಕ್ಕೆ ಒಂದು ಉಸಿರು ಮೊದಲು ಅದು ನಿಲ್ಲುತ್ತಿತ್ತು.

ಒಂದು ದಿನ ಆಚೆಯಿಂದ ದನಿ ಬಂತು: "ಬಂದ್ರಾ? ಬಾಗಿಲು ಹಾಕಿ, ಸೊಳ್ಳೆ ಬರುತ್ತೆ."

ಅತ್ತಿಗೆ ರೇಡಿಯೋನನ್ನು ಬಹುವಚನದಲ್ಲಿ ಕರೆದವಳೇ ಅಲ್ಲ.

"ಹಾಕ್ದೆ ಕಣೇ," ಎಂದ ಅವನು. ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು.

ಗೋಡೆಯಾಚೆ ಅರ ತಟ್ಟನೆ ನಿಂತಿತು. ಆಮೇಲೆ ಅರ ಮತ್ತೆ ಕಿರ್ ಎಂದಿತು. ತೊಟ್ಟಿಯಲ್ಲಿ ಐದನೆಯ ಮೀನು, ಇದುವರೆಗೂ ಕದಲದಿದ್ದುದು, ಮುಂದೆ ಬಂದು ಗಾಜಿಗೆ ಬಾಯಿ ಇಟ್ಟಿತು.

ಅಲ್ಲಿಂದ ಮೀನುಗಳು ಚೇತರಿಸಿಕೊಂಡವು, ರೇಡಿಯೋ ಕೆಡುತ್ತ ಹೋದ. ಸ್ಟುಡಿಯೋದಲ್ಲಿ ಮುಲಾಮಿನ ಜಾಹೀರಾತು ಓದುವಾಗ ರೆಕಾರ್ಡಿಂಗ್ ಮಾಡುವವನು ಗಾಜಿನಾಚೆಯಿಂದ ಕೈಯೆತ್ತಿದ. "ಗುರುವೇ, ಸೊಂಟ ನೋವು ವಾಸಿ ಆಗ್ಬೇಕು. ನೀನು ನೋಡಿದ್ರೆ ನೋವಿರೋನ ಥರಾನೇ ಹೇಳ್ತಿದೀಯ. ಮಧ್ಯ ಆ ಕೆಮ್ಮು ಬೇರೆ." ರೇಡಿಯೋ ನಕ್ಕ. ನಗು ಕೂಡ ತನ್ನದಾಗಿರಲಿಲ್ಲ. ದಾರಿಯಲ್ಲಿ ಅಂಗಡಿಯ ಕನ್ನಡಿಯೊಂದರಲ್ಲಿ ಯಾರೋ ಎಡಗಾಲು ಎಳೆಯುತ್ತ ಬರುವುದು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೀನುಗಳ ಕಪ್ಪು ಕಳೆದು ನೀಲಿ ಗೆರೆ ಮೂಡಿತು. ಬೆರಳಿನಿಂದಲೇ ಕಿತ್ತು ತಿನ್ನತೊಡಗಿದವು. ಮಾತ್ರೆ ಮುಗಿಯಿತು. ಆದರೂ ಅವನು ಬರುವುದು ನಿಲ್ಲಲಿಲ್ಲ. ಬೇಡ ಎಂದು ಅವಳೂ ಹೇಳಲಿಲ್ಲ.

ಕೊನೆಗೊಂದು ಸಂಜೆ ಅವನು ಬಂದಾಗ ಅತ್ತಿಗೆ ತೊಟ್ಟಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಫೋನು.

"ಚಪ್ಪಲಿ ಹಾಕ್ಕೋಬೇಡ. ಇಲ್ಲಿ ಬಾ," ಎಂದಳು. "ನಿನ್ನೆ ನಿಮ್ಮಣ್ಣ ನನ್ನನ್ನ ಹೇಗೆ ಕರೀತಿದ್ರು ಅಂತ ನೆನೆಸ್ಕೊಳ್ಳೋಕೆ ಕೂತೆ ಕಣೋ. ನೆನಪಲ್ಲಿ ಕರೆದದ್ದು ನೀನು."

ಅವನು ಚಪ್ಪಲಿಯನ್ನು ಬಾಗಿಲ ಹಿಂದಕ್ಕೆ ಸರಿಸಿ ಹತ್ತಿರ ಬಂದ.

"ನನ್ನ ಕೆಲಸದಲ್ಲಿ ನಾನು ನೋಡಿಲ್ವಾ? ಸೆಟ್ಟು ಸರಿಯಾಗಿ ಕೂರದಿದ್ರೆ ಜನ ದಿನಾ ಹಳೇ ಹಲ್ಲನ್ನ ನೆನೆಸ್ಕೋತಾರೆ. ಚೆನ್ನಾಗಿ ಕೂತುಬಿಟ್ರೆ ನಾಲಿಗೆ ಮರ್ತೇ ಬಿಡುತ್ತೆ. ನೀನು ತುಂಬಾ ಚೆನ್ನಾಗಿ ಕೂತುಬಿಟ್ಟೆ."

"ಅಣ್ಣನ ದನಿ ಎಲ್ಲೂ ಇಲ್ವಾ ಅತ್ತಿಗೆ? ಫೋನಲ್ಲಿ?"

"ಯಾವಾಗ್ಲೂ ಮೀನಿನ ಫೋಟೋ ತೆಗೀತಿದ್ರೇ ಹೊರತು ಮಾತಾಡಿದ್ದೆಲ್ಲಿ? ಆ ಮೀನಂಗಡಿಯವನಿಗೆ ಒಂದೇ ಒಂದು ವೀಡಿಯೋ ಕಳಿಸಿದ್ರಂತೆ. ಇವತ್ತು ತರಿಸ್ಕೊಂಡೆ. ಒಬ್ಬಳೇ ಕೇಳೋಕೆ ಧೈರ್ಯ ಬರ್ಲಿಲ್ಲ."

ಒತ್ತಿದಳು. ಪರದೆಯಲ್ಲಿ ಇದೇ ತೊಟ್ಟಿ, ಏಳೂ ಮೀನು. ಎರಡು ಕೆಮ್ಮು, ಅರ್ಧ ಕೆಮ್ಮು. "ಈಗ ಕಾಣ್ತಾ? ಈಗ? ಈಗ?"

ದನಿ ತೆಳ್ಳಗಿತ್ತು, ಕೊಂಚ ಅವಸರದ್ದು. ರೇಡಿಯೋನ ತಲೆಯಲ್ಲಿ ಮೊದಲು ಬಂದದ್ದು ಕಸುಬಿನವನ ಯೋಚನೆ: ಪರವಾಗಿಲ್ಲ, ಪ್ರಯತ್ನ ಪಟ್ಟಿದಾನೆ, ಆದರೆ ಅಣ್ಣನ ಹಾಗಿಲ್ಲ. ಯೋಚನೆ ಮುಗಿಯುವಷ್ಟರಲ್ಲಿ ಅದು ಅಣ್ಣನೇ ಎಂಬುದು ನೆನಪಾಯಿತು.

ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. "ನಿನಗೂ ಹಾಗೇ ಅನ್ನಿಸ್ತಾ?"

ಅವಳು ಫೋನಿನ ದನಿಯನ್ನು ಪೂರ್ತಿ ಏರಿಸಿ, ಅದನ್ನು ತೊಟ್ಟಿಯ ಗಾಜಿಗೆ ಒತ್ತಿ ಹಿಡಿದು, ಇನ್ನೊಮ್ಮೆ ಹಾಕಿದಳು. ಅಣ್ಣ ಕೆಮ್ಮಿದ. ಐದೂ ಮೀನು ಸಟ್ಟನೆ ತಿರುಗಿ, ರೆಕ್ಕೆ ಮುದುರಿ, ಹಿಂದಿನ ಮೂಲೆಗೆ ನುಗ್ಗಿದವು. ಈಗ ಕಾಣ್ತಾ, ಎಂದ ಅಣ್ಣ. ಅವುಗಳ ಮೈ ನೋಡನೋಡುತ್ತ ಕಪ್ಪಾಯಿತು.

"ಅದು ಫೋನಿನ ಬೆಳಕಿಗೆ ಅತ್ತಿಗೆ. ಬೆಳಕಿಗೆ ಹೆದರಿದ್ವು, ಅಷ್ಟೇ."

"ಹೂಂ," ಎಂದಳು, ನಂಬುವವಳ ಹಾಗೆಯೂ ಅಲ್ಲ, ನಂಬದವಳ ಹಾಗೆಯೂ ಅಲ್ಲ. "ಸ್ವೆಟರ್ ಬಿಚ್ಚಿಡು. ಇನ್ಮೇಲೆ ಮೀನಿಗೆ ನಾನೇ ತಿನ್ನಿಸ್ತೀನಿ. ನನ್ನ ದನೀಲೇ."

"ತಿನ್ನದೇ ಇದ್ರೆ?"

"ಹುಷಾರಾಗಿವೆ. ನಾಲ್ಕು ದಿನ ಉಪವಾಸ ಬಿದ್ರೆ ಸಾಯಲ್ಲ. ನನ್ನನ್ನ ನೋಡಿ ಅಭ್ಯಾಸ ಮಾಡ್ಕೊಳ್ಳಲಿ." ಫೋನನ್ನು ಕೆಳಗಿಟ್ಟಳು. "ನೀನೂ ಒಂದಷ್ಟು ದಿನ ಬರಬೇಡ ಕಣೋ. ಬೇಜಾರು ಮಾಡ್ಕೋಬೇಡ."

ಅವನು ಸ್ವೆಟರ್ ಮಡಿಸಿಟ್ಟು ಹೊರಬಂದು ಬಾಗಿಲು ಎಳೆದುಕೊಂಡ. ಬೂಟು ಎತ್ತಿಕೊಳ್ಳಲು ಬಗ್ಗಿದಾಗ ಗಂಟಲಲ್ಲಿ ಕೆರೆತ ಎದ್ದಿತು. ನಿಜವಾದ ಕೆರೆತ. ಆ ಕೆಮ್ಮು ಹೇಗೆ ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ತೋಳನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮೆಟ್ಟಿಲ ತುದಿಯಲ್ಲಿ ನಿಂತ.

ಒಳಗೆ ಅತ್ತಿಗೆ ಮುಚ್ಚಳ ತೆಗೆದ ಸದ್ದು. "ಬನ್ನಿ," ಎಂದಳು, ಯಾರನ್ನೂ ಅಣಕಿಸದ ತನ್ನ ಮಾಮೂಲಿ ದನಿಯಲ್ಲಿ. "ನಾನೇ. ಬನ್ನಿ." ಫಿಲ್ಟರಿನ ಗುಂಯ್ ಬಿಟ್ಟರೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಮಾತು ಬಾಗಿಲ ಕಡೆ ತಿರುಗಿತು.

"ಇವು ನನ್ನ ನೋಡ್ತಿಲ್ಲ. ಐದೂ ಬಾಗಿಲನ್ನೇ ನೋಡ್ತಿವೆ. ರೇಡಿಯೋ, ನೀನಿನ್ನೂ ಅಲ್ಲೇ ಇದೀಯಾ?"

ಉತ್ತರ ಕೊಡಲು ಬಾಯಿ ತೆರೆದ. ಯಾರ ದನಿ ಬಂದೀತೋ ಎಂದು ಹೆದರಿ ಮುಚ್ಚಿದ. ಬೂಟುಗಳನ್ನು ಎದೆಗೆ ಒತ್ತಿಕೊಂಡು, ಬರಿಗಾಲಲ್ಲಿ, ಯಾವ ಕಾಲೂ ಸದ್ದು ಮಾಡದ ಹಾಗೆ ಒಂದೊಂದೇ ಮೆಟ್ಟಿಲು ಇಳಿದ.